ತಮ್ಮನ ಸಮಾಧಿಗೆ ಒಂದು ಟಿಕೆಟ್ಟು

ತೆಲಿಗಿ
20-2-2002

ಯರ್ರಿಸ್ವಾಮಿಗೆ ಪುಷ್ಪಲತಾ ಟೀಚರ್ ಬರೆಯುವುದು.

ಮೊದಲ ಸಾಲಿನಲ್ಲಿ ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದು ರೂಢಿ. ಈ ಸಲ ಬಿಟ್ಟಿದ್ದೇನೆ. ಸುಳ್ಳು ಬರೆಯಬೇಡಿ ಎಂದು ಮಕ್ಕಳಿಗೆ ಹೇಳಿಕೊಡುವ ನಾನೇ ಬರೆದರೆ ಹೇಗೆ?

ನಿನ್ನ ಕಾಗದ ಸೋಮವಾರ ಬಂತು. ನನ್ನ ತಮ್ಮ ಗುರುಬಸುನನ್ನು ಹೇಗೆ ಸಮಾಧಿ ಮಾಡಿದಿರಿ ಎಂದು ನೀನು ಬರೆದದ್ದನ್ನು ಅವ್ವನಿಗೆ ಮೂರು ಸಲ ಓದಿ ಹೇಳಿದೆ. ಕಬ್ಬಿನ ಹೊಲದ ಬದುವಿನಲ್ಲಿ ಕುಣಿ ತೆಗೆದದ್ದು, ಪದ್ಮಾಸನ ಹಾಕಿಸಿ ಕೂಡಿಸಿದ್ದು, ಎಡಗೈಯಲ್ಲಿ ಲಿಂಗ ಇಟ್ಟದ್ದು, ಪತ್ರಿ ಸಿಗದೆ ಅಲ್ಲಿಯ ಯಾವುದೋ ಸೊಪ್ಪು ಹಾಕಿದ್ದು. ಪತ್ರಿಯ ಮಾತು ಬಂದಾಗ ಅವ್ವ ‘ಇರಲಿ ಬಿಡು, ದೇವರಿಗೆ ತಿಳೀತೈತಿ’ ಅಂದಳು. ಆವತ್ತು ರಾತ್ರಿ ಮೂರು ನಾಲ್ಕು ವಾರದ ಮೇಲೆ ಒಂದು ಮುದ್ದೆ ಪೂರ್ತಿ ಉಂಡಳು. ಅದು ನಿನ್ನ ಪುಣ್ಯ.

ಊರವರು ಈಗಲೂ ಕೇಳುತ್ತಾರೆ, ಹೆಣ ಯಾಕೆ ತರಿಸಲಿಲ್ಲ ಎಂದು. ಮಾರಿಷಸ್ಸಿನಲ್ಲಿ ನೀವು ಕಟ್ಟುತ್ತಿದ್ದ ಹೋಟೆಲಿನ ಮೇಲಿಂದ ಅವನು ಬಿದ್ದ ದಿನವೇ ಚಂಡಮಾರುತ ಬಂತು, ವಿಮಾನಗಳು ನಿಂತವು, ಕರೆಂಟು ಹೋಗಿ ಆಸ್ಪತ್ರೆಯಲ್ಲೂ ಇಡುವ ಹಾಗಿರಲಿಲ್ಲ ಎಂದು ಎಷ್ಟು ಜನಕ್ಕೆ ಹೇಳಲಿ? ಎಸ್‌ಟಿಡಿ ಬೂತಿನಲ್ಲಿ ನಿಂತು ನಾನು ನಿನಗೆ ಹೇಳಿದ್ದು ಇಷ್ಟೇ: ‘ಸುಡಬ್ಯಾಡ್ರಪ್ಪ. ಕೂಡಿಸಿ ಮಣ್ಣು ಮಾಡ್ರಿ. ಕೈಯಾಗ ಲಿಂಗ ಇಡ್ರಿ.’ ಲೈನು ಕಟ್ಟಾಯಿತು. ನೀನು ಕೇಳಿಸಿಕೊಂಡೆಯೋ ಇಲ್ಲವೋ ಎಂದು ನಾನು ಪಟ್ಟ ಸಂಕಟ ನನಗೇ ಗೊತ್ತು. ನಮ್ಮ ಮನೆತನದಲ್ಲಿ ಇದುವರೆಗೆ ಯಾರನ್ನೂ ಬೆಂಕಿಗೆ ಕೊಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಾನವಮಿ ಅಮಾವಾಸ್ಯೆಗೆ ಹಿರಿಯರ ಸಮಾಧಿಗೆ ಎಡೆ ಒಯ್ಯುವುದು ನಮ್ಮಲ್ಲಿ ತಪ್ಪುವುದಿಲ್ಲ. ಅವ್ವ ಈಗಿನಿಂದಲೇ ಕೇಳುತ್ತಾಳೆ, ‘ನನ್ನ ಮಗಂದು ಎಲ್ಲಿ ಇಡ್ಲೆ ಪುಷ್ಪಾ?’ ನಾವು ಯಾರಾದರೂ ಒಮ್ಮೆ ಹೋಗಿ, ಸಮಾಧಿಗೆ ಪೂಜೆ ಮಾಡಿ, ಒಂದು ಹಿಡಿ ಮಣ್ಣು ತರಬೇಕು. ಅದನ್ನು ನಮ್ಮ ಹೊಲದಲ್ಲಿ ಇಟ್ಟು ಕಲ್ಲು ನಿಲ್ಲಿಸಿದರೆ ಅವ್ವನಿಗೆ ಜಾಗ ಸಿಕ್ಕಹಾಗೆ. ಅವಳಿಗೆ ಎಪ್ಪತ್ತೆರಡು. ಅವಳು ಇರುವಾಗಲೇ ಆಗಬೇಕು.

ಮೊನ್ನೆ ದಾವಣಗೆರೆಯಲ್ಲಿ ಟಿಕೆಟ್ ಏಜೆಂಟನ ಹತ್ತಿರ ಹೋಗಿದ್ದೆ. ಮಾರಿಷಸ್ ಎಂದ ಕೂಡಲೇ ಆ ಹುಡುಗ ಮುಖ ಅರಳಿಸಿ, ‘ಹನಿಮೂನ್ ಪ್ಯಾಕೇಜಾ ಮೇಡಂ?’ ಅಂದ. ನಲವತ್ತೇಳು ವರ್ಷಕ್ಕೆ ನನ್ನನ್ನು ಹಾಗೆ ಕೇಳಿದವನು ಅವನೊಬ್ಬನೇ. ಮುಂಬೈಯಿಂದ ಹೋಗಿಬರಲು ಮೂವತ್ತೆರಡು ಸಾವಿರವಂತೆ, ನನ್ನ ನಾಲ್ಕು ತಿಂಗಳ ಸಂಬಳ. ಕಂಪನಿ ಕೊಟ್ಟ ದುಡ್ಡು ಬ್ಯಾಂಕಿನಲ್ಲಿದೆ, ಅವ್ವ ಮುಟ್ಟಗೊಡುವುದಿಲ್ಲ. ಅದು ಅವನ ಜೀವದ ರೊಕ್ಕ ಅನ್ನುತ್ತಾಳೆ. ಯಾವ ತಿಂಗಳಲ್ಲಿ ಅಗ್ಗ ಇರುತ್ತದೆ, ಅಲ್ಲಿಂದಲೇ ತೆಗೆಸಿದರೆ ಕಡಿಮೆಯಾಗುತ್ತದೆಯೇ, ಸ್ವಲ್ಪ ವಿಚಾರಿಸಿ ಬರಿ.

ನಿನ್ನ ತಾಯಿ ಭರಮಮ್ಮ ಹರಪನಹಳ್ಳಿ ಸಂತೆಯಲ್ಲಿ ಸಿಕ್ಕಿದ್ದರು. ನಿಮ್ಮ ಚಿಗಟೇರಿಯಲ್ಲಿ ಎಲ್ಲರೂ ಆರಾಮ.

ಪುಷ್ಪಲತಾ


ಮಾರಿಷಸ್, ಕಂಪನಿ ಕ್ಯಾಂಪು
14-3-2002

ಅಕ್ಕಾರಿಗೆ ಶರಣು.

ಈ ಕಾಗದವನ್ನು ಡಬ್ಬಿಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಎದೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಗುರುಬಸಣ್ಣನ ಸಮಾಧಿ ಇಲ್ಲ. ಸುಟ್ಟೆವು.

ನಿಮ್ಮ ಮಾತು ನನಗೆ ಪೂರ್ತಿ ಕೇಳಿಸಿತ್ತು. ಫೋನು ಇದ್ದ ಆಫೀಸಿನಿಂದ ಕ್ಯಾಂಪಿಗೆ ಬಿದ್ದ ಮರಗಳನ್ನು ದಾಟಿಕೊಂಡು ಓಡಿ ಬಂದೆ. ಸನಿಕೆ ತೆಗೆದುಕೊಂಡು ಬದುವಿನಲ್ಲಿ ಕುಣಿ ತೋಡಲು ನಿಂತೆ. ಮೊಣಕಾಲುದ್ದ ಹೋಗುವುದರೊಳಗೆ ನೀರು ಬಂತು. ಇನ್ನೊಂದು ಕಡೆ ತೋಡಿದೆ, ಅಲ್ಲೂ ನೀರು. ಅಷ್ಟರಲ್ಲಿ ಪಕ್ಕದ ಊರಿನವರು ಬಂದರು. ನೂರೈವತ್ತು ವರ್ಷದ ಹಿಂದೆ ಬಿಹಾರದ ಕಡೆಯಿಂದ ಬಂದವರ ಮಕ್ಕಳು. ಯಾರೋ ನಮ್ಮ ದೇಶದ ಹುಡುಗ ದಿಕ್ಕಿಲ್ಲದೆ ಸತ್ತಿದ್ದಾನೆ ಎಂದು ತಿಳಿದು, ಅವರ ಮನೆಗಳ ತಗಡೇ ಹಾರಿಹೋಗಿದ್ದರೂ, ಒಲೆಗೆಂದು ಇಟ್ಟುಕೊಂಡಿದ್ದ ಒಣ ಕಟ್ಟಿಗೆಯನ್ನು ಮನೆಗೊಂದರಂತೆ ಹೊತ್ತು ತಂದಿದ್ದರು. ಒಬ್ಬ ಮುದುಕಿ ಸೆರಗಿನೊಳಗೆ ತುಪ್ಪದ ಬಾಟಲಿ ಮುಚ್ಚಿಕೊಂಡು ಬಂದಿದ್ದಳು. ಅವರ ಪೂಜಾರಿ, ‘ಹಿಂದೂನೇ ಅಲ್ವಾ?’ ಎಂದು ಹಿಂದಿಯಲ್ಲಿ ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. ನಮ್ಮಲ್ಲಿ ಸುಡುವುದಿಲ್ಲ ಎಂದು ಹೇಳುವಷ್ಟು ಹಿಂದಿ ನನಗೆ ಬರುತ್ತಿತ್ತು ಅಕ್ಕಾರ. ಆ ಕಟ್ಟಿಗೆ ನೋಡಿ ಬಾಯಿ ಬರಲಿಲ್ಲ.

ನಮ್ಮ ಕುರುಬರಲ್ಲೂ ಹೂಳುವುದೇ. ನನಗೆ ತಿಳಿಯದೆ ಆದದ್ದಲ್ಲ. ಲಿಂಗ ಮಾತ್ರ ಅವನ ಕೈಯಲ್ಲೇ ಇತ್ತು, ಅದೊಂದು ಸುಳ್ಳಲ್ಲ.

ನಿಮಗೆ ಹೇಗೆ ಬರೆಯಲಿ ಎಂದು ಒಂದು ವಾರ ಕೂತೆ. ಕೊನೆಗೆ ನೀವು ಹೇಳಿದಂತೆಯೇ ಆಯಿತು ಎಂದು ಬರೆದುಬಿಟ್ಟೆ. ಇಷ್ಟು ದೂರ ಯಾರು ಬಂದು ನೋಡುತ್ತಾರೆ ಅಂದುಕೊಂಡೆ.

ಯರ್ರಿಸ್ವಾಮಿ


ಮಾರಿಷಸ್
17-3-2002

ಅಕ್ಕಾರಿಗೆ ಶರಣು.

ನಿಮ್ಮ ಪತ್ರ ತಲುಪಿತು. ಟಿಕೆಟ್ಟಿನ ಬಗ್ಗೆ ವಿಚಾರಿಸಿದೆ. ಇಲ್ಲಿಂದ ತೆಗೆಸಿದರೆ ಇನ್ನೂ ದುಬಾರಿ. ಈಗ ಬರಬೇಡಿ. ಡಿಸೆಂಬರ್ ಜನವರಿಯಲ್ಲಿ ಅಗ್ಗವಾಗುತ್ತದೆ ಎಂದು ಹೇಳಿದರು. ಅಲ್ಲಿಯ ತನಕ ತಡೆಯಿರಿ.

ಸಮಾಧಿ ಚೆನ್ನಾಗಿದೆ. ಭಾನುವಾರ ಹೋಗಿ ಕಸ ತೆಗೆಯುತ್ತೇನೆ. ಅಮ್ಮಾರಿಗೆ ಧೈರ್ಯ ಹೇಳಿರಿ. ಅಷ್ಟು ದೂರದ ಪ್ರಯಾಣ, ಏಳು ತಾಸು ಬರೀ ನೀರಿನ ಮೇಲೆ ಹಾರಬೇಕು. ಹೆಂಗಸರಿಗೆ ಕಷ್ಟ.

ಯರ್ರಿಸ್ವಾಮಿ


ತೆಲಿಗಿ
24-11-2002

ಯರ್ರಿಸ್ವಾಮಿಗೆ,

ನಿನಗೆ ಡಿಸೆಂಬರ್ ಅಗ್ಗ ಎಂದು ಹೇಳಿದ ಮಹಾನುಭಾವ ಯಾರಪ್ಪಾ? ಆರೇಳು ತಿಂಗಳು ಅವನ ಮಾತು ನಂಬಿ ಕೂತಿದ್ದೆ. ಕಳೆದ ತಿಂಗಳು ದಾವಣಗೆರೆಗೆ ಹೋದರೆ ಡಿಸೆಂಬರಿಗೆ ಐವತ್ತು ಸಾವಿರದ ಮೇಲೆ ಹೇಳಿದರು. ಬಿಳಿಯರು ಕ್ರಿಸ್‌ಮಸ್ಸಿಗೆ ಬಿಸಿಲು ಕಾಯಿಸಿಕೊಳ್ಳಲು ಅಲ್ಲಿಗೇ ಬರುತ್ತಾರಂತೆ. ನಾವು ಎಂಟು ತಿಂಗಳು ಪುಕ್ಕಟೆ ಕಾಯಿಸಿಕೊಳ್ಳುವ ಬಿಸಿಲಿಗೆ ಅವರು ಅಷ್ಟು ಕೊಡುತ್ತಾರೆ.

ನಿನ್ನ ಮೇಲೆ ಸಿಟ್ಟಿಲ್ಲ. ಇಟ್ಟಿಗೆ ಇಡುವವನಿಗೆ ವಿಮಾನದ ದರ ಹೇಗೆ ತಿಳಿಯಬೇಕು? ನಾನೇ ವಿದ್ಯೆ ಕಲಿತೆ. ದಾವಣಗೆರೆಯಲ್ಲೊಂದು ಇಂಟರ್ನೆಟ್ ಅಂಗಡಿ ಆಗಿದೆ, ಗಂಟೆಗೆ ಇಷ್ಟು ಎಂದು ದುಡ್ಡು. ನನ್ನ ಹಳೇ ವಿದ್ಯಾರ್ಥಿನಿ ಗೀತಾಂಜಲಿ ಅಲ್ಲಿ ಕೆಲಸಕ್ಕಿದ್ದಾಳೆ. ಅವಳನ್ನು ಕೂಡಿಸಿಕೊಂಡು ಮೂರು ಶನಿವಾರ ನೋಡಿದೆ. ಮೇ, ಜೂನ್‌ನಲ್ಲಿ ಅಲ್ಲಿ ಚಳಿ, ಜನ ಕಡಿಮೆ, ಟಿಕೆಟ್ಟೂ ಕಡಿಮೆ. ವಾರದ ನಡುವೆ ಹೊರಟರೆ ಇನ್ನೂ ಕಡಿಮೆ. ಗುಂಪಿನಲ್ಲಿ ಸೇರಿಕೊಂಡರೆ ಅದಕ್ಕಿಂತ ಕಡಿಮೆ. ಮುಂಬೈಗೆ ರೈಲಿನಲ್ಲಿ ಹೋಗುವುದು, ಊಟದ ಬುತ್ತಿ ಕಟ್ಟಿಕೊಳ್ಳುವುದು. ಶಾಲೆಯಲ್ಲಿ ನನ್ನನ್ನು ಈಗ ‘ಏರ್‌ಪೋರ್ಟ್ ಟೀಚರ್’ ಅನ್ನುತ್ತಾರೆ. ಪಕ್ಕದ ಮನೆಯ ಓಬಳೇಶಪ್ಪ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿಂದಿನಿಂದ ಆಡಿಕೊಂಡನಂತೆ. ಆಡಿಕೊಳ್ಳಲಿ.

ಅವ್ವನಿಗೆ ಮಾತ್ರ ಒಂದು ಅಂಜಿಕೆ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಒಯ್ಯುವ ಪಲ್ಲಕ್ಕಿಗೂ ವಿಮಾನ ಎಂದೇ ಅನ್ನುತ್ತೇವಲ್ಲ. ‘ಇದ್ದವರು ಯಾಕ ಕೂಡ್ತಾರ ಅದರಾಗ’ ಎಂದು ಕೇಳುತ್ತಾಳೆ. ಈ ಮಾನವಮಿಗೆ ಅವನ ಎಡೆಯನ್ನು ಕಟ್ಟಿ ಇಟ್ಟುಕೊಂಡು, ಸಾಯಂಕಾಲದವರೆಗೂ ಯಾವ ಸಮಾಧಿಗೂ ಇಡಲಿಲ್ಲ. ಕಡೆಗೆ ಆಕಳಿಗೆ ಕೊಟ್ಟಳು.

ಒಂದು ಉಪಕಾರ ಮಾಡು. ಸಮಾಧಿಯ ಒಂದು ಫೋಟೋ ತೆಗೆಸಿ ಕಳಿಸು. ನಾನು ಬರುವ ತನಕ ಅವ್ವ ಅದನ್ನು ನೋಡಿಕೊಂಡಿರಲಿ.

ಪುಷ್ಪಲತಾ


ಮಾರಿಷಸ್
19-1-2003

ಅಕ್ಕಾರಿಗೆ ಶರಣು.

ಫೋಟೋ ತೆಗೆಯಲು ಆಗಲಿಲ್ಲ. ಕಬ್ಬು ಆಳೆತ್ತರ ಬೆಳೆದು ಒಳಗೆ ಹೋಗುವ ಹಾಗಿಲ್ಲ. ಕಟಾವಾದ ಮೇಲೆ ನೋಡೋಣ.

ಅಕ್ಕಾರ, ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಬರುವುದು ಬೇಡ. ಅಷ್ಟು ದುಡ್ಡು ಸುರಿದು ಬಂದು ನೋಡುವುದೇನಿದೆ? ಹೋದವನು ಮನಸ್ಸಿನಲ್ಲಿದ್ದರೆ ಸಾಲದೆ? ಊರಲ್ಲೇ ಅವನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿ ಪೂಜೆ ಮಾಡಿರಿ. ಮಣ್ಣು ಬೇಕೆಂದರೆ ನಾನು ಊರಿಗೆ ಬಂದಾಗ ತರುತ್ತೇನೆ.

ಯರ್ರಿಸ್ವಾಮಿ


ತೆಲಿಗಿ
6-7-2003

ಯರ್ರಿಸ್ವಾಮಿಗೆ,

ನಿನ್ನ ಜನವರಿಯ ಕಾಗದ ಓದಿ ಇಷ್ಟು ದಿನ ಉತ್ತರ ಬರೆಯಲಿಲ್ಲ. ನೋವಾಗಿತ್ತು. ಆಮೇಲೆ ಯೋಚಿಸಿದೆ, ನೀನು ಯಾಕೆ ಹಾಗೆ ಬರೆದೆ ಎಂದು. ಈಗ ನನಗೆ ತಿಳಿಯಿತು, ಬಿಚ್ಚಿಯೇ ಹೇಳುತ್ತೇನೆ.

ನಾವು ಬಂದು ನೋಡುತ್ತೇವೆ ಅಂದದ್ದಕ್ಕೆ ನಿನಗೆ ಅಪಮಾನವಾಗಿದೆ. ಜಂಗಮರಿಲ್ಲದೆ, ಮಂತ್ರವಿಲ್ಲದೆ, ಕುರುಬರ ಹುಡುಗ ಮಾಡಿದ ಕ್ರಿಯೆಯನ್ನು ಈ ಲಿಂಗಾಯತರು ಪರೀಕ್ಷೆ ಮಾಡಲು ಬರುತ್ತಿದ್ದಾರೆ ಎಂದು ತಿಳಿದಿದ್ದೀಯ. ಇಲ್ಲಿ ಅಂಥ ಮಾತು ಆಡಿದವರು ಇಲ್ಲದಿಲ್ಲ. ನಮ್ಮ ದೊಡ್ಡಪ್ಪನ ಮಗ ಕೊಟ್ರಬಸಪ್ಪ, ಸತ್ತವನ ತಲೆಯ ಮೇಲೆ ಪಾದ ಇಡುವ ಸ್ವಾಮಿಗಳಿಲ್ಲದೆ ಅದೆಂಥ ಸಮಾಧಿ ಅಂದ. ಅವ್ವ ಅವನಿಗೆ ಹೇಳಿದ ಮಾತು ಬರೆಯುತ್ತೇನೆ, ಕೇಳು. ‘ನನ್ನ ಮಗನ್ನ ಕೂಡಿಸಿ, ಕೈಯಾಗ ಲಿಂಗ ಇಟ್ಟಾವ ಅಂವ. ಅಂವನ ನನಗ ಜಂಗಮ. ನೀ ಎಲ್ಲಿದ್ದೀಪಾ ಆವತ್ತು?’

ಇನ್ನು ಮುಂದೆ ಬರಬೇಡಿ ಎಂದು ಬರೆಯಬೇಡ. ಈ ಮೇ ತಿಂಗಳೇ ಹೊರಡುವವಳಿದ್ದೆ, ಪಾಸ್‌ಪೋರ್ಟ್ ಬರಲಿಲ್ಲ. ವಿಚಾರಣೆಗೆ ಬಂದ ಹವಾಲ್ದಾರ, ಒಬ್ಬಂಟಿ ಹೆಂಗಸು ದ್ವೀಪಕ್ಕೆ ಯಾಕೆ ಹೋಗುತ್ತೀರಿ ಎಂದು ಒಂದು ತಾಸು ಕೂತ. ಅವ್ವನೇ ಹೊರಗೆ ಬಂದು ಉತ್ತರ ಕೊಟ್ಟಳು. ಆತ ಚಹಾ ಕುಡಿಯದೆ ಎದ್ದು ಹೋದ. ಮುಂದಿನ ವರ್ಷ ಖಂಡಿತ.

ಅವ್ವನಿಗೆ ಉಬ್ಬಸ ಹೆಚ್ಚಾಗಿದೆ. ನಿನಗೆ ತಿಳಿದಿರಲಿ ಎಂದು ಬರೆದೆ.

ಪುಷ್ಪಲತಾ


ತೆಲಿಗಿ
2-5-2004

ಯರ್ರಿಸ್ವಾಮಿಗೆ,

ಹತ್ತು ತಿಂಗಳಿಂದ ನಿನ್ನ ಒಂದು ಸಾಲಿಲ್ಲ. ಇರಲಿ, ಎದುರಿಗೇ ಜಗಳವಾಡುತ್ತೇನೆ. ಟಿಕೆಟ್ ಸಿಕ್ಕಿತು.

ಕಳೆದ ಶನಿವಾರ ಗೀತಾಂಜಲಿ ಬೆಂಗಳೂರಿನ ಒಂದು ಟೂರ್ ಕಂಪನಿಯ ಜಾಹೀರಾತು ತೋರಿಸಿದಳು. ಜೂನ್ 10ಕ್ಕೆ ಮುಂಬೈಯಿಂದ ಹೊರಡುವ ಗುಂಪು, ಆರು ದಿನ, ವಿಮಾನ ಮತ್ತು ವಸತಿ ಎರಡೂ ಸೇರಿ ಇಪ್ಪತ್ತೆರಡು ಸಾವಿರ. ಇಷ್ಟು ಅಗ್ಗ ಹೇಗೆ, ಏನೋ ಮೋಸವಿರಬೇಕು ಎಂದು ಫೋನು ಮಾಡಿ ಗದರಿಸಿದೆ. ಹೋಟೆಲು ಹೊಸದು, ಜನರಿಗೆ ರೂಢಿಯಾಗಲಿ ಎಂದು ಮೊದಲ ವರ್ಷ ಕಡಿಮೆ ದರ ಇಟ್ಟಿದ್ದಾರಂತೆ. ಹೋಟೆಲಿನ ಹೆಸರು ಕೇಳಿದೆ. ಯರ್ರಿಸ್ವಾಮಿ, ಅದು ನೀವು ಕಟ್ಟಿದ್ದು. ಗುರುಬಸು ಪ್ರತಿ ಕಾಗದದ ಮೇಲೆ ಆ ಹೆಸರು ಬರೆಯುತ್ತಿದ್ದ.

ಫೋನು ಇಟ್ಟು ಅಲ್ಲೇ ಬೂತಿನಲ್ಲಿ ಕೂತೆ. ಅವನ ಜೀವ ತೆಗೆದ ಕಟ್ಟಡ. ಅಲ್ಲಿ ಹಾಸಿಗೆಯ ಮೇಲೆ ಹೇಗೆ ಮಲಗಲಿ ಎಂದು ಅನಿಸಿತು. ಆಮೇಲೆ, ಅಲ್ಲಿಯ ವೈರಿಂಗ್ ಅವನ ಕೈಯದಲ್ಲವೇ ಅನಿಸಿತು. ನಾನು ಸ್ವಿಚ್ ಒತ್ತಿದರೆ ಅವನು ಎಳೆದ ತಂತಿಯಲ್ಲಿ ದೀಪ ಹತ್ತುತ್ತದೆ. ಅವ್ವನಿಗೆ ಹೇಳಿದೆ. ‘ಹೋಗಿ ಹಚ್ಚಿ ಬಾ’ ಅಂದಳು.

ದುಡ್ಡು ಕಟ್ಟಿದ್ದೇನೆ. ಅಗ್ಗದ ಟಿಕೆಟ್ಟಾದ್ದರಿಂದ ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸ್ಸಿಲ್ಲ. ಹನ್ನೊಂದನೇ ತಾರೀಕು ಹೋಟೆಲಿಗೆ ಬಾ. ಸಮಾಧಿಗೆ ಎರಡು ದಿನ ಹೋಗಬೇಕು. ವಿಭೂತಿ, ರುದ್ರಾಕ್ಷಿ, ಒಣಗಿಸಿದ ಪತ್ರಿ ಇಲ್ಲಿಂದ ತರುತ್ತೇನೆ. ಹಾಲು ನೀನು ನೋಡಿಕೋ.

ಪುಷ್ಪಲತಾ


ಮಾರಿಷಸ್
17-5-2004

ಅಕ್ಕಾರಿಗೆ ಶರಣು.

ನಿಮ್ಮ ಕಾಗದ ಇವತ್ತು ಬಂತು, ಇವತ್ತೇ ಬರೆದು ಹಾಕುತ್ತಿದ್ದೇನೆ. ನೀವು ಹೊರಡುವ ಮೊದಲು ಇದು ತಲುಪಬೇಕು.

ಬರಬೇಡಿ. ಇಲ್ಲಿ ಸಮಾಧಿ ಇಲ್ಲ. ಗುರುಬಸಣ್ಣನನ್ನು ಸುಟ್ಟೆವು. ಕುಣಿ ತೋಡಿದಲ್ಲೆಲ್ಲ ನೀರು ಬಂತು, ಊರ ಜನ ಕಟ್ಟಿಗೆ ತಂದರು, ನಾನು ಬೇಡ ಎನ್ನಲಿಲ್ಲ. ಮೂರನೆಯ ದಿನ ಬೂದಿಯನ್ನು, ಕೈಯಲ್ಲಿದ್ದ ಲಿಂಗವನ್ನು ನಮ್ಮ ಹೋಟೆಲಿನ ಮುಂದಿನ ದಡದಲ್ಲಿ ಸಮುದ್ರಕ್ಕೆ ಬಿಟ್ಟೆ. ಅಲ್ಲಿ ಒಂದು ವಾರೆಯಾದ ಕರಿ ಬಂಡೆ ಇದೆ, ಅದರ ಪಕ್ಕ.

ನಿಮಗೆ ಬರೆದದ್ದೆಲ್ಲ ಸುಳ್ಳು. ಡಿಸೆಂಬರ್ ಅಗ್ಗ ಅಂದದ್ದೂ ಸುಳ್ಳು. ನನ್ನನ್ನು ಜಂಗಮ ಅಂದರಂತೆ ಅಮ್ಮಾರು. ಅದನ್ನು ಓದಿದ ಮೇಲೆ ನನಗೆ ಪೆನ್ನು ಹಿಡಿಯಲು ಆಗಲಿಲ್ಲ, ಅದಕ್ಕೇ ಹತ್ತು ತಿಂಗಳು ಸುಮ್ಮನಿದ್ದೆ. ನಿಮ್ಮ ಟಿಕೆಟ್ಟಿನ ದುಡ್ಡು ನಾನು ದುಡಿದು ಕೊಡುತ್ತೇನೆ. ಅಮ್ಮಾರಿಗೆ ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಯರ್ರಿಸ್ವಾಮಿ


ಮಾರಿಷಸ್
26-5-2004

ಅಕ್ಕಾರ,

ಇದನ್ನೂ ಹಾಕುವುದಿಲ್ಲ. ನಾಳೆ ನೀವೇ ಇಲ್ಲಿರುತ್ತೀರಿ.

ಭಾನುವಾರ ಕ್ಯಾಂಪಿನ ಆಫೀಸಿಗೆ ನಿಮ್ಮ ಫೋನು ಬಂದಾಗ, ನನ್ನ ಕಾಗದ ತಲುಪಿ ಬೈಯಲು ಮಾಡಿದ್ದೀರಿ ಎಂದುಕೊಂಡು ಹೋದೆ. ನೀವು ನಗುತ್ತಿದ್ದಿರಿ. ಜೂನಿನ ಗುಂಪು ತುಂಬಲಿಲ್ಲವೆಂದು ಕಂಪನಿಯವರು ಮೇ 26ರ ಗುಂಪಿಗೆ ಸೇರಿಸಿದ್ದಾರೆ, ಅಗ್ಗದ ಟಿಕೆಟ್ಟಿನ ದಿನ ನಮ್ಮ ಕೈಯಲ್ಲಿರುವುದಿಲ್ಲ, ಶಾಲೆ ತೆರೆದ ಮೇಲೆ ಒಂದೆರಡು ದಿನ ರಜೆ ಹಾಕಿದರೆ ಸಾಕು ಅಂದಿರಿ. ಇವತ್ತೇ ರೈಲು ಹತ್ತುತ್ತೇನೆ ಅಂದಿರಿ. ಕಾಗದ ಬಂದಿಲ್ಲ ಎಂದು ತಿಳಿಯಿತು. ಹಿಂದೆ ಅಮ್ಮಾರ ದನಿ ಕೇಳಿಸಿತು, ‘ಯರ್ರಿಸ್ವಾಮಿಗೆ ನನ್ನ ಶರಣು ಹೇಳವ್ವ’ ಅಂತ. ನಾನು ಬರ್ರಿ ಅಂದೆ.

ಮೂರು ಸಂಜೆ ಕೂತು ಕಟ್ಟಿದೆ. ಬದುವಿನಲ್ಲಿ ಹೊಲದವರು ಆರಿಸಿ ಹಾಕಿದ ಕರಿ ಕಲ್ಲಿನ ಗುಡ್ಡೆ ಇತ್ತು. ಅದರ ಕಲ್ಲನ್ನೇ ಒಡೆದು ಹೊಂದಿಸಿದೆ. ಹೊಸದು ಕಾಣಬಾರದು ಎಂದು ಕೆಮ್ಮಣ್ಣು, ಸಗಣಿ ಬಳಿದೆ. ಖಾಲಿ ಕಟ್ಟಲು ಕೈ ಬರಲಿಲ್ಲ. ಗುರುಬಸಣ್ಣನ ಒಂದು ಟವೆಲು ನನ್ನ ಹತ್ತಿರ ಉಳಿದಿತ್ತು, ಮಡಚಿ ಒಳಗಿಟ್ಟೆ. ಈ ದೇಶದಲ್ಲಿ ನಾನು ಎಷ್ಟೋ ಗೋಡೆ ಎಬ್ಬಿಸಿದ್ದೇನೆ, ಇಷ್ಟು ನಾಜೂಕಾಗಿ ಯಾವುದನ್ನೂ ಕಟ್ಟಿಲ್ಲ. ಹೊಲದ ಮೇಸ್ತ್ರಿ ಬಂದು ಯಾರದು ಎಂದು ಕೇಳಿದ. ನನ್ನ ಅಣ್ಣನದು ಅಂದೆ.

ಇಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ನಾನು ಹೇಳದಿದ್ದರೆ ನಿಮಗೆ ಯಾರೂ ಹೇಳುವುದಿಲ್ಲ. ಆ ಕಾಗದ ದಾರಿಯಲ್ಲೇ ಕಳೆದುಹೋಗಲಿ ಎಂದು ಬೀರಪ್ಪನಿಗೆ ಹರಕೆ ಹೊತ್ತಿದ್ದೇನೆ.

ಯರ್ರಿಸ್ವಾಮಿ


ತೆಲಿಗಿ
8-6-2004

ತಮ್ಮ ಯರ್ರಿಸ್ವಾಮಿಗೆ,

ಇನ್ನು ಮೇಲೆ ಹೀಗೇ ಬರೆಯುತ್ತೇನೆ. ಸುಖವಾಗಿ ಬಂದು ಮುಟ್ಟಿದೆ. ನಿನ್ನ ಜೊತೆ ಜಗಳವಾಡಬೇಕೆಂದು ಬಂದವಳು ಸಮಾಧಿ ನೋಡಿದ ಮೇಲೆ ಜಗಳ ಮರೆತೆ. ನಮ್ಮ ಅಪ್ಪನದೂ ಅಷ್ಟು ಚಂದ ಇಲ್ಲ. ನಾನು ಪತ್ರಿ ಏರಿಸುವಾಗ ನೀನು ಅಷ್ಟು ಅತ್ತೆ. ಆಗ ನನಗೆ ಸಮಾಧಾನವಾಯಿತು. ಇವನಿಗಾಗಿ ಇಲ್ಲಿ ಅಳುವವರು ಒಬ್ಬರಿದ್ದರಲ್ಲ ಎಂದು.

ಮಣ್ಣನ್ನು ಪೌಡರ್ ಡಬ್ಬಿಯಲ್ಲಿ ತಂದೆ. ಮುಂಬೈಯಲ್ಲಿ ತೆರೆಸಿ ನೋಡಿದ ಅಧಿಕಾರಿಗೆ ಹೇಳಿದೆ, ಇದು ನನ್ನ ತಮ್ಮ ಎಂದು. ಸುಮ್ಮನೆ ಮುಚ್ಚಿ ಕೊಟ್ಟ.

ಒಂದು ಬೇಸರದ ಮಾತು ನಿನಗಲ್ಲದೆ ಯಾರಿಗೆ ಹೇಳಲಿ? ಅವ್ವ ಅಳಲಿಲ್ಲ. ಎರಡೂವರೆ ವರ್ಷ ಒಂದೇ ಸಮ ಕೇಳಿದವಳು, ಡಬ್ಬಿಯನ್ನು ಕೈಗೆ ತೆಗೆದುಕೊಂಡು, ನನ್ನ ತಲೆ ಸವರಿ, ‘ಉಂಡಿಯೇನವ್ವ ದಾರ್ಯಾಗ?’ ಅಂದಳು. ಅಷ್ಟೇ. ಸಮಾಧಿ ಹೇಗಿತ್ತು, ಎಷ್ಟು ಎತ್ತರ, ನೆರಳಿದೆಯೇ, ಒಂದನ್ನೂ ಕೇಳಲಿಲ್ಲ. ನಾನೇ ಹೇಳಲು ಹೋದರೆ ಹೂಂ, ಹೂಂ ಎನ್ನುತ್ತ ಸೆರಗಿನಲ್ಲಿ ಡಬ್ಬಿ ಒರೆಸುತ್ತ ಕೂತಳು. ಹೊಲದಲ್ಲಿ ಕಲ್ಲು ನಿಲ್ಲಿಸೋಣ ಎಂದೆ. ಬೇಡ, ನನ್ನ ಉಡಿಯಲ್ಲಿ ಹಾಕಿ ಮಣ್ಣು ಮಾಡಿರಿ ಅಂದಳು. ವಯಸ್ಸಾಯಿತು, ಮನಸ್ಸು ಮರಗಟ್ಟಿದೆ. ಅಷ್ಟು ದೂರ ಹೋಗಿ ಬಂದದ್ದು ನನಗೋಸ್ಕರವೇ ಆಯಿತೇನೋ ಅನಿಸುತ್ತದೆ.

ಪುಷ್ಪಕ್ಕ


ಮಾರಿಷಸ್
4-7-2004

ಅಕ್ಕಾರಿಗೆ ಶರಣು.

ಪತ್ರ ತಲುಪಿತು. ಒಂದು ವಿಷಯ ಕೇಳಬೇಕಿತ್ತು. ಮೇ ತಿಂಗಳಲ್ಲಿ ನಾನು ಹಾಕಿದ್ದ ಒಂದು ಕಾಗದ ನಿಮಗೆ ಬಂತೇ? ವಿಶೇಷವೇನಿಲ್ಲ. ಬಂದಿಲ್ಲದಿದ್ದರೆ ಬಿಡಿ.

ಅಮ್ಮಾರನ್ನು ಚೆನ್ನಾಗಿ ನೋಡಿಕೊಳ್ಳಿರಿ.

ಯರ್ರಿಸ್ವಾಮಿ


ತೆಲಿಗಿ
17-10-2004

ಯರ್ರಿಸ್ವಾಮಿಗೆ,

ಅವ್ವ ಸೆಪ್ಟೆಂಬರ್ ಆರಕ್ಕೆ ಲಿಂಗೈಕ್ಯಳಾದಳು. ಬೆಳಗಿನ ಹೊತ್ತು, ಕೂತಲ್ಲೇ. ಅವಳು ಹೇಳಿದಂತೆ ಡಬ್ಬಿಯ ಮಣ್ಣನ್ನು ಉಡಿಯಲ್ಲಿ ಹಾಕಿ ಕೂಡಿಸಿದೆವು.

ಒಂಬತ್ತನೇ ದಿನ ಅವಳ ಬಟ್ಟೆ ತೆಗೆಯುವಾಗ ಎಲೆ ಅಡಿಕೆ ಚೀಲದಲ್ಲಿ ನಿನ್ನ ಕಾಗದ ಸಿಕ್ಕಿತು. ಮೇ ಹದಿನೇಳರದು. ಎಂಟು ಮಡಿಕೆ ಮಡಚಿತ್ತು.

ಓದಿದೆ. ಓದಿ ಪಕ್ಕದ ಮನೆಯ ಅಂಜಿನಕ್ಕನ ಹತ್ತಿರ ಹೋದೆ. ಅವ್ವನಿಗೆ ಅಕ್ಷರ ಬಾರದು, ನಾನಿಲ್ಲದಾಗ ಓದಿಸಿಕೊಂಡಿದ್ದರೆ ಅವಳ ಹತ್ತಿರವೇ. ಅಂಜಿನಕ್ಕ ಕಾಗದ ನೋಡಿದವಳೇ ಅತ್ತಳು. ನಾನು ನಿನ್ನ ಕಲ್ಲಿನ ಮುಂದೆ ಕೂತು ಪತ್ರಿ ಏರಿಸುತ್ತಿದ್ದ ದಿನವೇ ಅದು ಇಲ್ಲಿಗೆ ಬಂದಿತ್ತು. ಅವ್ವ ಎರಡು ಸಲ ಓದಿಸಿಕೊಂಡಳಂತೆ. ಆಮೇಲೆ ಹೇಳಿದ್ದು ಇಷ್ಟು: ‘ಅಕಿಗೆ ಹೇಳಬ್ಯಾಡ ಅಂಜಿನಿ. ತಮ್ಮನ್ನ ನೋಡಿ ಬಂದೆ ಅಂತ ಬರ್ತಾಳ. ಹೌದವ್ವ ಅನ್ನೂಣು.’

ಮನಸ್ಸು ಮರಗಟ್ಟಿದೆ ಎಂದು ನಿನಗೆ ಬರೆದಿದ್ದೆನಲ್ಲ, ಆ ಅವ್ವ. ನಾನು ತಂದದ್ದು ಯಾರದೋ ಹೊಲದ ಮಣ್ಣು ಎಂದು ಗೊತ್ತಿದ್ದೇ ಉಡಿಯಲ್ಲಿ ಹಾಕಿಸಿಕೊಂಡು ಹೋದಳು. ಮಗಳು ಅಷ್ಟು ದೂರದಿಂದ ತಂದದ್ದು ಎಂಬ ಒಂದೇ ಕಾರಣಕ್ಕೆ. ಮೂರು ತಿಂಗಳು ನಾನು ಸಮಾಧಿಯ ಅಂದಚಂದ ಹೇಳಿದ್ದನ್ನೆಲ್ಲ ಅವಳು ಹೇಗೆ ಕೇಳಿಸಿಕೊಂಡಳೋ.

ಮಾನವಮಿ ಅಮಾವಾಸ್ಯೆಗೆ ಅವ್ವನ ಸಮಾಧಿಗೆ ಎಡೆ ಒಯ್ದೆ. ಎರಡು ಎಲೆ ಹಾಕಿದೆ, ಒಂದು ಅವಳಿಗೆ, ಒಂದು ಅವನಿಗೆ. ಬೇರೆ ಎಲ್ಲಿ ಇಡಲಿ?

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಒಂದು ತಿಂಗಳಿಂದ ಕೂಡುತ್ತಿದ್ದೇನೆ, ಕೈ ಏಳುತ್ತಿಲ್ಲ. ಕಟ್ಟಿಗೆ ತಂದವರಿಗೆ ಬೇಡ ಎನ್ನಲು ನಿನಗೆ ಆಗಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆ ಜನಕ್ಕೆ ನಾನೂ ಬೇಡ ಎನ್ನುತ್ತಿರಲಿಲ್ಲವೇನೋ. ಸಮಾಧಿ ಕಟ್ಟಿದ್ದನ್ನೂ ಹೇಗೋ ನುಂಗಿಕೊಳ್ಳುತ್ತೇನೆ. ಅದನ್ನು ಒಡೆಯಬೇಡ, ಇರಲಿ. ಊರಿಗೆ ಬಂದಾಗ ತೆಲಿಗಿಗೆ ಬರಬೇಡ. ಬಾ ಎನ್ನುವ ಮನಸ್ಸಾದ ದಿನ ನಾನೇ ಬರೆಯುತ್ತೇನೆ. ಟಿಕೆಟ್ಟಿನ ದುಡ್ಡಿನ ಮಾತು ಮತ್ತೆ ಎತ್ತಿದರೆ ಅದೂ ಬರೆಯುವುದಿಲ್ಲ.

ನನಗೆ ತಡೆಯಲಾಗದೆ ಇರುವುದು ಒಂದೇ. ಹೋಟೆಲಿನ ಮುಂದೆ ವಾರೆಯಾದ ಕರಿ ಬಂಡೆ ಎಂದು ಬರೆದಿದ್ದೀಯ. ಆ ಬಂಡೆ ನನ್ನ ಕೋಣೆಯ ಕಿಟಕಿಗೇ ಕಾಣುತ್ತಿತ್ತು. ನಮ್ಮ ಗುಂಪಿನ ಹೊಸ ಮದುವೆಯ ಹುಡುಗಿಯರು ದಿನಾ ಬಂದು ಕೈ ಹಿಡಿದು ಎಳೆಯುತ್ತಿದ್ದರು, ಆಂಟಿ ಬನ್ನಿ, ಒಂದು ಸಲ ಕಾಲಾದರೂ ತೋಯಿಸಿಕೊಳ್ಳಿ ಎಂದು. ನಾನು ನೀರಾಟಕ್ಕೆ ಬಂದವಳಲ್ಲ, ತಮ್ಮನನ್ನು ನೋಡಲು ಬಂದವಳು ಅಂದೆ. ಆ ಸಮುದ್ರದ ಮೇಲೆ ನನಗೆ ಸಿಟ್ಟು, ಅದೇ ಚಂಡಮಾರುತ ಕಳಿಸಿದ್ದು ಎಂದು. ಊಟಕ್ಕೆ ಕೂತಾಗ ಕೂಡ ಕುರ್ಚಿ ತಿರುಗಿಸಿ, ಅದಕ್ಕೆ ಬೆನ್ನು ಮಾಡಿ ಕೂಡುತ್ತಿದ್ದೆ. ಆರು ದಿನ ಯರ್ರಿಸ್ವಾಮಿ.

ನನಗೆ ಇನ್ನೊಮ್ಮೆ ಬರುವ ಶಕ್ತಿ ಇಲ್ಲ. ಈ ಕಾಗದ ಮುಟ್ಟಿದ ಮೇಲೆ ಒಂದು ಭಾನುವಾರ ಆ ಬಂಡೆಯ ಹತ್ತಿರ ಹೋಗು. ನೀರಿಗೆ ಕೈ ಹಚ್ಚಿ, ನಮ್ಮ ಮಾತಿನಲ್ಲೇ ಹೇಳು: ‘ಅಕ್ಕ ಬಂದಿದ್ಲೋ ಗುರುಬಸು. ನೀ ಇಲ್ಲೇ ಅದೀ ಅಂತ ಅಕಿಗೆ ಗೊತ್ತಿರಲಿಲ್ಲ.’

ಪುಷ್ಪಲತಾ